ಅಣ್ಣನ ಡಯಾಲಿಸಿಸ್, ಅವ್ವನ ಕಿಡ್ನಿ: ಕಲಬುರಗಿಯಿಂದ ಬೆಂಗಳೂರು ತನಕ ನಾವು ಪಟ್ಟ ಪಾಡು

ನಮ್ಮಣ್ಣಗ ಕಿಡ್ನಿ ಕಸಿ ಆಗಿ ಮೂರು ತಿಂಗಳ ಮ್ಯಾಲಾತು. ಹೋದ ವಾರ ಎಲ್ಲರೂ ಕಲಬುರಗಿಗೆ ವಾಪಸ್ ಬಂದೀವಿ. ಬಂದಾಗಿಂದ ಫೋನ್ ಮ್ಯಾಲ ಫೋನ್, ಪರಿಚಯದವ್ರ ಪರಿಚಯದವ್ರು, ‘ನಮ್ಮ ಮಾವಗ ಡಯಾಲಿಸಿಸ್ ಹೇಳ್ಯಾರ್ರಿ, ಏನ್ ಮಾಡಬೇಕು’, ‘ಅವ್ವ ಕೊಟ್ರ ನಡೀತದೇನ್ರಿ’ ಅಂತ. ಒಬ್ಬೊಬ್ರಿಗೂ ಬ್ಯಾರೆ ಬ್ಯಾರೆ ಹೇಳೋದಕ್ಕಿಂತ ಒಮ್ಮೆ ಕುಂತು ಬರದು ಬಿಡೋಣ ಅನಿಸ್ತು. ನಾ ಡಾಕ್ಟರ್ ಅಲ್ಲ, ಫೈಲ್ ಹಿಡ್ಕೊಂಡು ಓಡಾಡಿದ ತಮ್ಮ ಅಷ್ಟೇ. ಔಷಧದ ಮಾತು ನಿಮ್ಮ ಡಾಕ್ಟರ್ ಹತ್ರ ಕೇಳ್ರಿ, ಓಡಾಟದ್ದು ನನ್ನ ಹತ್ರ ಕೇಳ್ರಿ.

ಅಣ್ಣ ಇಲ್ಲೇ ಒಂದು ದಾಲ್ ಮಿಲ್ಲಿನಾಗ ಕಾಂಟಾ ನೋಡ್ತಾನ. ಲಾರಿ ಬಂತಂದ್ರ ತೊಗರಿ ತೂಕ ಬರಕೋಬೇಕು, ಚೀಲ ಎಣಸಬೇಕು. ಮೂವತ್ತಾರು ವಯಸ್ಸು. ಬಿಪಿ ಮೊದಲಿಂದ ಇತ್ತು, ಗುಳಿಗಿ ನೆನಪಾದಾಗ ತಗೊಳ್ಳಾಂವ, ತಲಿನೋವು ಬಂತಂದ್ರ ಮೆಡಿಕಲ್ ಅಂಗಡಿಯಾಗ ಕೇಳಿ ನೋವಿನ ಗುಳಿಗಿ ನುಂಗಾಂವ. ಆಮ್ಯಾಲ ಮುಂಜಾನೆ ಎದ್ದ ಕೂಡ್ಲೇ ವಾಂತಿ, ಊಟ ಬಾಯಿಗೆ ಹತ್ತಲ್ಲ, ಸಂಜಿಗೆ ಚಪ್ಪಲ್ ಬಿಗಿ ಆಗ್ತಾವ ಅನ್ನಾಂವ. ಮಂದಿ ಪಿತ್ತ ಅಂದ್ರು. ಓಣಿಯೊಳಗಿನ ಕ್ಲಿನಿಕ್ಕಿನಾಗೂ ಅಸಿಡಿಟಿ ಅಂತ ಹೇಳಿ ಎಷ್ಟೋ ದಿನ ಅದಕ್ಕೇ ಔಷಧ ಕೊಟ್ರು, ಒಂದು ರಕ್ತ ತಪಾಸಣಿ ಬರದುಕೊಡಲಿಲ್ಲ. ಕೊನೀಗೆ ಬ್ಯಾರೆ ಕಡೆ ತೋರಿಸಿದಾಗ ಕ್ರಿಯಾಟಿನಿನ್, ಅಂದ್ರ ಕಿಡ್ನಿ ಸರಿ ಕೆಲಸ ಮಾಡ್ತದೋ ಇಲ್ಲೋ ತೋರಸೋ ರಕ್ತದ ಲೆಕ್ಕ, 11ರ ಮ್ಯಾಲ ಬಂತು. ಛಲೋ ಇದ್ದ ಮನಷ್ಯಾಗ ಅದು 1ರ ಆಜುಬಾಜು ಇರಬೇಕಂತ. ಹಿಮೋಗ್ಲೋಬಿನ್ 6. ಸ್ಕ್ಯಾನಿನಾಗ ಎರಡೂ ಕಿಡ್ನಿ ಸಣ್ಣಾಗ್ಯಾವ ಅಂತ ಬರದಿತ್ತು. ಸಣ್ಣಾಗ್ಯಾವ ಅಂದ್ರ ಇದು ನಿನ್ನೆ ಮೊನ್ನೆ ಆದದ್ದಲ್ಲ, ವರ್ಷಗಟ್ಲೆ ಒಳಗೊಳಗೇ ಆಗಿದ್ದು, ತಿರುಗಿ ಸರಿ ಆಗಂಗಿಲ್ಲ ಅಂತ ಡಾಕ್ಟರ್ ಬಿಡಿಸಿ ಹೇಳಿದ್ರು. ಮರುದಿನವೇ ಕುತ್ತಿಗಿಗೆ ಪೈಪ್ ಹಾಕಿ ಡಯಾಲಿಸಿಸ್, ಅಂದ್ರ ಮಷಿನಿನಿಂದ ರಕ್ತ ಸೋಸೋದು, ಶುರು.

ಬಿಪಿ ಇದ್ದವ್ರು, ಶುಗರ್ ಇದ್ದವ್ರು ವರ್ಷಕ್ಕೊಮ್ಮೆ ಆದ್ರೂ ಕ್ರಿಯಾಟಿನಿನ್ ಮತ್ತ ಮೂತ್ರದ ಪ್ರೋಟೀನ್ ಚೆಕ್ ಮಾಡಿಸ್ರಿ. ಭಾಳ ರೊಕ್ಕದ ತಪಾಸಣಿ ಅಲ್ಲ ಅದು.

ಸುದ್ದಿ ಹರಡಿದ ಮ್ಯಾಲ ಮನಿಗೆ ಬರೋ ಮಂದಿ ಎಷ್ಟು! ಎಲ್ಲರೂ ‘ಧೈರ್ಯ ತಗೋರಿ’ ಅನ್ನೋರು, ಚಹಾ ಕುಡಿಯೋರು, ಹೋಗುಮುಂದ ಒಂದು ಸಲಹಾ ಕೊಟ್ಟು ಹೋಗೋರು. ಒಬ್ರು ಸೊಲ್ಲಾಪುರ, ಒಬ್ರು ಹೈದರಾಬಾದ್, ಒಬ್ರು ಯಾವುದೋ ಊರಾಗ ಬೇರು ಅರದು ಕೊಡ್ತಾರ, ಡಯಾಲಿಸಿಸ್ ಬಿಟ್ಟೇ ಬಿಡಬಹುದು ಅಂತ. ಬೇರಿನ ಪುಡಿ ಒಂದು ಪೊಟ್ಟಣ ಮನಿಗೆ ಬಂದೇ ಬಂತು. ಅಣ್ಣ ಅದನ್ನ ಮೂಸಿ ನೋಡಿ, ‘ಇದರಾಗ ಏನೇನ್ ಅದ ಅಂತ ಬರದಿಲ್ಲ, ತೂಕನೂ ಬರದಿಲ್ಲ, ಇಂಥ ಮಾಲು ನಾ ಕಾಂಟಾದ ಮ್ಯಾಲ ಹತ್ತಗೊಡಲ್ಲ’ ಅಂದು ಒಗದ. ಡಯಾಲಿಸಿಸ್ ನಿಲ್ಲಿಸಿ ಪುಡಿ ನಂಬಿ ಹೋದವ್ರು ಏನಾದ್ರು ಅಂತ ಆಮ್ಯಾಲ ವಾರ್ಡಿನಾಗ ನಮ್ಮ ಕಿವಿಯಿಂದ ಕೇಳೀವಿ. ದಯವಿಟ್ಟು ಆ ಕಡಿ ಹೋಗಬ್ಯಾಡ್ರಿ.

ಮೊದಲ ಕೆಲವು ಸಲ ಪ್ರೈವೇಟಿನಾಗ ಮಾಡಿಸಿದ್ವಿ, ಒಂದ್ಸಲಕ್ಕ 2000 ತನಕ ಬೀಳ್ತಿತ್ತು, ಮ್ಯಾಲ ಸೂಜಿ ಬ್ಯಾರೆ. ವಾರಕ್ಕ ಮೂರು ಸಲ ಅಂದ್ರ ಕಾಂಟಾ ಪಗಾರ ಎಲ್ಲಿ ಸಾಲ್ತದ? ಆಮ್ಯಾಲ ಗೊತ್ತಾತು, 2016ರಾಗ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಾಗ ಬಿಪಿಎಲ್ ಇದ್ದವ್ರಿಗೆ ಸರ್ಕಾರಿ ದವಾಖಾನಿಯೊಳಗ ಪುಕ್ಕಟ ಅದ, ಜಿಲ್ಲಾ ದವಾಖಾನಿ ಅಷ್ಟೇ ಅಲ್ಲ, ಎಷ್ಟೋ ತಾಲೂಕಿನಾಗೂ ಮಷಿನ್ ಬಂದಾವ. ಬೇಕಾಗೋದು ರೇಷನ್ ಕಾರ್ಡ್, ಆಧಾರ್, ಡಾಕ್ಟರ್ ಚೀಟಿ, ಮತ್ತ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಈ ಮೂರರ ರಿಪೋರ್ಟ್. ಈ ಮೂರು ರಿಪೋರ್ಟ್ ಇಲ್ಲದ ಯಾವ ಸೆಂಟರಿನವ್ರೂ ಮಷಿನ್ ಮುಟ್ಟಗೊಡಲ್ಲ, ಯಾಕಂದ್ರ ಅವು ಇದ್ದವ್ರಿಗೆ ಬ್ಯಾರೆ ಮಷಿನ್ ಇಡ್ತಾರ. ಸೆಂಟರ್ ಬದಲಿಸಿದ್ರ ಮತ್ತ ಹೊಸದು ಮಾಡಿಸು ಅಂತಾರ. ಹಂಗ ಹೆಪಟೈಟಿಸ್ ಬಿ ಲಸಿಕಿ ಜಲ್ದಿ ಶುರು ಮಾಡಿಸ್ರಿ, ಡಯಾಲಿಸಿಸ್ ಪೇಷಂಟಿಗೆ ಡೋಸ್ ಬ್ಯಾರೆ ಇರ್ತದ, ತಿಂಗಳ ಲೆಕ್ಕದಾಗ ಮುಗೀತದ.

ಪುಕ್ಕಟ ಖರೆ, ಆದ್ರ ಪಾಳಿ ಸಿಗಬೇಕಲ್ಲ. ಮಷಿನ್ ಖಾಲಿ ಇಲ್ಲ, ನಾಳಿ ಬಾ, ಸೋಮವಾರ ಬಾ. ಕಾರಿಡಾರಿನಾಗ ಕುಂತು ಕುಂತು ಅಲ್ಲಿ ಯಾವ ಫ್ಯಾನ್ ತಿರುಗ್ತದ ಯಾವುದು ತಿರುಗಲ್ಲ ಅನ್ನೋದೂ ಗೊತ್ತಾಗಿತ್ತು ನಮಗ. ಕೊನೀಗೆ ನಸುಕಿನ ಪಾಳಿ ಸಿಕ್ತು, ಆರಕ್ಕ ಅಲ್ಲಿರಬೇಕು. ಒಂದ್ಸಲಕ್ಕ ನಾಲ್ಕು ತಾಸು.

ಕುತ್ತಿಗಿ ಪೈಪ್ ಮಾತ್ರ ಭಾಳ ತ್ರಾಸ ಕೊಟ್ತು. ಅದು ತಾತ್ಪೂರ್ತಿ ಇರೋದು, ಅದರಾಗಿಂದ ಸೋಂಕು ರಕ್ತಕ್ಕ ಹೋಗ್ತದ. ಒಂದಿನ ಮಷಿನಿಗೆ ಹಚ್ಚಿ ಅರ್ಧ ತಾಸಾಗಿಲ್ಲ, ಅಣ್ಣಗ ಥಂಡಿ ಹತ್ತಿ ಮಂಚಾನೇ ನಡುಗ್ಲಾಕ ಹತ್ತು. ಹೊರಗ ಬೆಂಕಿಯಂಥ ಬಿಸಲು, ಒಳಗ ಅವ ಎರಡು ರಗ್ಗು ಹೊದ್ದು ಹಲ್ಲು ಕಡೀತಿದ್ದ. ಅಡ್ಮಿಟ್ ಮಾಡಿ ಆಂಟಿಬಯೋಟಿಕ್ ಕೊಟ್ಟು ಪೈಪ್ ಬದಲಿಸಿದ್ರು. ಅದಕ್ಕ ಹೇಳ್ತೀನಿ, ಡಯಾಲಿಸಿಸ್ ಖಾಯಂ ಅಂತ ಗೊತ್ತಾದ ದಿನಾನೇ ಫಿಸ್ಟುಲಾ ಬಗ್ಗೆ ಕೇಳ್ರಿ. ಕೈಯೊಳಗಿನ ಎರಡು ರಕ್ತನಾಳ ಸೇರಿಸಿ ಹೊಲೀತಾರ, ಅದು ದಪ್ಪಾಗಿ ಸೂಜಿ ಚುಚ್ಚೋಕ ತಯಾರಾಗಲಕ್ಕ ಆರೆಂಟು ವಾರ ಬೇಕು, ತಡಾ ಮಾಡಿದಷ್ಟು ದಿನ ಕುತ್ತಿಗಿ ಪೈಪೇ ಗತಿ. ಆ ಕೈಯಾಗ ಬಿಪಿ ನೋಡಗೊಡಬಾರದು, ರಕ್ತ ತಗೀಗೊಡಬಾರದು, ಆ ಕೈ ತಲಿಕೆಳಗ ಇಟ್ಕೊಂಡು ಮಲಗಬಾರದು, ಭಾರ ಎತ್ತಬಾರದು. ದಿನಾ ಬಟ್ಟು ಇಟ್ಟು ನೋಡಬೇಕು, ಝುಂ ಅಂತ ತಾಕಬೇಕು. ತಾಕಲಿಲ್ಲ ಅಂದ್ರ ಅವತ್ತೇ ಓಡಬೇಕು. ಅಣ್ಣನ ಸಣ್ಣ ಮಗಳು ದಿನಾ ಸಾಲಿಗೆ ಹೋಗೋ ಮೊದಲ ಅಪ್ಪನ ಕೈಗೆ ಕಿವಿ ಇಟ್ಟು ‘ಮೋಟಾರ್ ಚಾಲೂ ಅದ’ ಅಂತ ರಿಪೋರ್ಟ್ ಕೊಟ್ಟು ಹೋಗ್ತಿತ್ತು.

ಇನ್ನ ನೀರಿನ ಮಾತು. ಕಲಬುರಗಿ ಬ್ಯಾಸಗಿ ಎಂಥದು ಅಂತ ಈ ಭಾಗದವ್ರಿಗೆ ಹೇಳಬೇಕಾಗಿಲ್ಲ, ಏಪ್ರಿಲ್ ಮೇದಾಗ 43, 44 ಡಿಗ್ರಿ. ಮೂತ್ರ ನಿಂತ ಮನಷ್ಯಾ ಕುಡದ ನೀರು ಎಲ್ಲಿ ಹೋಗಬೇಕು? ಕಾಲಿಗೆ, ಮಾರಿಗೆ, ಕೊನೀಗೆ ಪುಪ್ಪಸಕ್ಕ ಇಳೀತದ. ಅಣ್ಣಗ ದಿನಕ್ಕ ಒಂದು ಲೀಟರ್ ಅಂತ ಹೇಳಿದ್ರು, ಅದರಾಗ ಚಹಾ, ಸಾರು, ಮಜ್ಜಿಗಿ, ಗುಳಿಗಿ ನುಂಗೋ ನೀರು ಎಲ್ಲಾ ಬಂತು. ಮನ್ಯಾಗ ಎಲ್ಲರೂ ಗಡಗಿ ನೀರು ಗಟಗಟ ಕುಡಿಯೋವಾಗ ಅವ ನೋಡ್ಕೊಂತ ಕೂಡಬೇಕು. ನಾವು ಒಳಗ ಹೋಗಿ ಕದ್ದು ಕುಡಿಯೋಕ ಹತ್ತಿದ್ವಿ, ಅದು ಅವನಿಗೆ ಗೊತ್ತಾಗಿ ಬೈದ, ‘ನನ್ನ ಮುಂದ ಕುಡೀರಿ, ನನ್ನ ಸಲುವಾಗಿ ನೀವ್ಯಾಕ ಕಳ್ಳರಾಗ್ತೀರಿ’ ಅಂದ. ಆಮ್ಯಾಲ ತನ್ನ ಕಸುಬೇ ಮನಿಗೆ ತಂದ. ಮುಂಜಾನೆ ಒಂದು ಲೀಟರಿನ ಬಾಟ್ಲಿ ತುಂಬಿ ಇಡೋದು, ಏನು ಕುಡಿದ್ರೂ ಅಷ್ಟು ನೀರು ಅದರಾಗಿಂದ ಗಿಡಕ್ಕ ಚೆಲ್ಲೋದು, ಬಾಟ್ಲಿ ಖಾಲಿ ಆತಂದ್ರ ಅಂಗಡಿ ಬಂದ್. ಹಳೇ ಲೆಡ್ಜರಿನಾಗ ದಿನಾ ಮುಂಜಾನಿ ತೂಕ, ಸಂಜಿ ತೂಕ. ಎರಡು ಡಯಾಲಿಸಿಸ್ ನಡುವ ಎರಡು ಕೆಜಿ ಮ್ಯಾಲ ಏರಬಾರದು ಅಂದಿದ್ರು, ಅವನ ಲೆಡ್ಜರ್ ನೋಡಿ ಟೆಕ್ನಿಷಿಯನ್ನೇ ನಕ್ಕು ಫೋಟೋ ತಗೊಂಡ.

ಬಾಜೂ ಮಂಚದಾಗ ಒಬ್ರು ಚಾಚಾ ಇರ್ತಿದ್ರು, ದರ್ಗಾ ಕಡೆಯವ್ರು, ನಾಲ್ಕೈದು ವರ್ಷದಿಂದ ಇದೇ ಮಷಿನ್. ಬಂದಾ ನವಾಜ್ ಹೆಸರು ತಗೊಳ್ಳದ ಸೂಜಿಗೆ ಕೈ ಕೊಡ್ತಿರಲಿಲ್ಲ. ನೀರಡಿಕಿ ತಡಿಯೋ ಇಲಾಜು ಎಲ್ಲಾ ಅವ್ರೇ ಕಲಿಸಿದ್ದು: ಸಣ್ಣ ಬಟ್ಟಲಿನಾಗ ಕುಡಿ, ಬರ್ಫದ ಚೂರು ಬಾಯಾಗ ಇಟ್ಕೋ, ಮುಕ್ಕಳಿಸಿ ಉಗುಳು, ಲಿಂಬಿ ತುಂಡು ನೆಕ್ಕು, ಎಲ್ಲಕ್ಕಿಂತ ಮೊದಲ ಉಪ್ಪು ಬಿಡು, ಉಪ್ಪು ತಿಂದವಗ ನೀರು ಬೇಕೇ ಬೇಕು. ‘ನಮ್ದು ವರ್ಷಪೂರ್ತಿ ರೋಜಾ ಬೇಟಾ, ನಿಮ್ದು ಏಕಾದಶಿ’ ಅನ್ನೋರು. ರಂಜಾನಿನಾಗ ಡಾಕ್ಟರ್ ಉಪವಾಸ ಬ್ಯಾಡ ಅಂದಾಗ ಅವ್ರು ಮುನಿಸ್ಕೊಂಡಿದ್ದು ನೋಡಬೇಕಿತ್ತು.

ಊಟದ್ದು ಇನ್ನೊಂದು ಕಥಿ. ಪೊಟ್ಯಾಸಿಯಂ ಏರಿದ್ರ ಎದಿ ನಿಲ್ತದ, ಇದು ಖರೇನೇ ನಿಲ್ತದ. ಬಾಳೆಹಣ್ಣು, ಎಳನೀರು, ಮೋಸಂಬಿ, ಉತ್ತತ್ತಿ, ಟೊಮ್ಯಾಟೊ ಎಲ್ಲಾ ಬಂದ್. ಕಾಯಿಪಲ್ಯಾ ಸಣ್ಣಗ ಹೆಚ್ಚಿ ಬಿಸಿನೀರಾಗ ನೆನಸಿ ಆ ನೀರು ಚೆಲ್ಲಿ ಆಮ್ಯಾಲ ಅಡಗಿ ಮಾಡಬೇಕು. ಪೇಷಂಟ್ ನೋಡ್ಲಾಕ ಬರೋರು ಎಳನೀರು, ಬಾಳೆಹಣ್ಣು ತರೋದು ನಮ್ಮ ಕಡೆ ರಿವಾಜು, ಡಯಾಲಿಸಿಸ್ ಮನಿಗೆ ಮಾತ್ರ ತರಬ್ಯಾಡ್ರಿ. ‘ಲೋ ಸೋಡಿಯಂ’ ಅಂತ ಮಾರೋ ಉಪ್ಪೂ ಬ್ಯಾಡ, ಅದರಾಗ ಪೊಟ್ಯಾಸಿಯಮ್ಮೇ ಇರ್ತದ.

ಹೋಳಿ ಆದ ಐದನೇ ದಿನಕ್ಕ ಶರಣಬಸವೇಶ್ವರ ಜಾತ್ರಿ. ಅವ್ವ ಹುಟ್ಟಿದಾಗಿಂದ ತೇರು ತಪ್ಪಿಸಿದಾಕಿ ಅಲ್ಲ. ತೇರಿಗೆ ಉತ್ತತ್ತಿ ಬಾಳೆಹಣ್ಣು ಎಸದು, ಪ್ರಸಾದ ಅಂತ ಒಂದು ಉತ್ತತ್ತಿ ಸೆರಗಿನಾಗ ಕಟ್ಕೊಂಡು ಬಂದು ಅಣ್ಣನ ಕೈಯಾಗ ಇಟ್ಟಳು. ವೈನಿ (ಅಣ್ಣನ ಹೆಂಡ್ತಿ) ಮಾರಿ ಸಣ್ಣಾತು, ಬ್ಯಾಡ ಅಂದ್ರ ಅವ್ವಗ ನೋವು, ತಿನ್ನಂದ್ರ ಪೊಟ್ಯಾಸಿಯಂ. ಅಣ್ಣ ಅದನ್ನ ಕಣ್ಣಿಗೆ ಒತ್ತಿಕೊಂಡು ಮಗಳ ಬಾಯಿಗೆ ಹಾಕಿದ. ಅವ್ವ ಏನೂ ಬೇಜಾರ ಮಾಡ್ಕೊಳ್ಳಿಲ್ಲ, ‘ಹುಂ, ಶರಣಪ್ಪಗ ನಿನ್ನ ರಿಪೋರ್ಟ್ ಗೊತ್ತದ ತಗಾ’ ಅಂದು ಒಳಗ ಹೋದಳು.

ಅದೇ ಅವ್ವಗ ತತ್ತಿ ವಿಷಯ ಹೇಳೋಕ ನಮಗ ಬಾಯಿ ಬರಲಿಲ್ಲ. ಡಯಾಲಿಸಿಸ್‌ನಾಗ ಪ್ರೋಟೀನ್ ಹೋಗ್ತದ, ದಿನಾ ತತ್ತಿಯ ಬಿಳಿ ಭಾಗ ತಿನ್ನಬೇಕು ಅಂತ ಡಯಟೀಷಿಯನ್ ಬರದು ಕೊಟ್ಟಿದ್ರು. ನಮ್ಮದು ಲಿಂಗಾಯತ ಮನಿ, ಅವ್ವ ಇಷ್ಟಲಿಂಗ ಪೂಜಾ ಮಾಡದ ನೀರು ಮುಟ್ಟಲ್ಲ, ತತ್ತಿ ಅನ್ನೋ ಶಬ್ದಾನೇ ನಮ್ಮ ಅಡಗಿಮನ್ಯಾಗ ಕೇಳಿದ್ದಿಲ್ಲ. ಅಣ್ಣ ಹೊರಗ ಗಾಡಿಮ್ಯಾಗ ತಿಂದು ಬರ್ತೀನಿ ಅಂದ, ಆದ್ರ ಆ ಉಪ್ಪು ಖಾರ ನಡಿಯಂಗಿಲ್ಲ. ಚೀಟಿ ಯಾರು ಓದಿ ಹೇಳಿದ್ರೋ, ಒಂದಿನ ಮುಂಜಾನೆ ನೋಡ್ತೀನಿ, ಅವ್ವ ಹಿತ್ತಲದಾಗ ಮೂರು ಕಲ್ಲು ಹೂಡಿ, ಒಂದು ಹಳೇ ಜರ್ಮನ್ ಪಾತೇಲಿ ಇಟ್ಟು, ತತ್ತಿ ಕುದಸ್ಲಿಕ್ಕ ಹತ್ಯಾಳ. ಮಾರಿ ಆ ಕಡಿ ತಿರಗಿಸಿ, ಸೆರಗು ಮೂಗಿಗೆ ಹಿಡದು. ಕುದ್ದದ್ದು ಎಷ್ಟೊತ್ತಿಗೆ ಅಂತ ಗೊತ್ತಾಗದ ನನ್ನ ಕೇಳ್ತಾಳ. ಸುಲದು, ಹಳದಿ ತಗದು, ಬಿಳಿ ಭಾಗ ತಾಟಿನಾಗ ಇಟ್ಟು, ಮ್ಯಾಲ ಒಂಚೂರು ಮೆಣಸಿನ ಪುಡಿ ಹಾಕಿ ಕೊಟ್ಟು, ತಲಿಮ್ಯಾಲ ನೀರು ಹಾಕ್ಕೊಂಡು ಪೂಜಾಕ್ಕ ಕುಂತಳು. ದಿನಾ ಹಿಂಗ. ಯಾರ ಮುಂದೂ ಹೇಳ್ಲಿಲ್ಲ, ಯಾರಾದ್ರೂ ಕೇಳಿದ್ರ ಮುಚ್ಚಿಡಲೂ ಇಲ್ಲ. ಮಂದಿ ಬಂದು ಹೇಳಿದ ಧೈರ್ಯದ ಮಾತು ಒಂದೂ ನನ್ನ ನೆನಪಿನಾಗ ಇಲ್ಲ, ಆ ಹಿತ್ತಲದ ಒಲಿ ಅದ.

ಈಗ ಕಸಿ ವಿಷಯಕ್ಕ ಬರ್ತೀನಿ. 1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ಹತ್ತಿರದ ಸಂಬಂಧಿಕರು ಅಂದ್ರ ತಂದಿ ತಾಯಿ, ಮಕ್ಕಳು, ಅಣ್ಣ ತಮ್ಮ ಅಕ್ಕ ತಂಗಿ, ಗಂಡ ಹೆಂಡ್ತಿ, 2011ರ ತಿದ್ದುಪಡಿ ಆದ ಮ್ಯಾಲ ಅಜ್ಜ ಅಜ್ಜಿ ಮೊಮ್ಮಕ್ಕಳೂ ಸೇರ್ಯಾರ. ಇವ್ರನ್ನ ಬಿಟ್ಟು ಬ್ಯಾರೆಯವ್ರು ಕೊಡಬೇಕಂದ್ರ ಅಧಿಕಾರ ಸಮಿತಿ ಒಪ್ಪಿಗಿ ಬೇಕು, ಅದು ದೊಡ್ಡ ದಾರಿ. ‘ಇಷ್ಟು ರೊಕ್ಕ ಕೊಟ್ರ ಕಿಡ್ನಿ ಕೊಡಸ್ತೀನಿ’ ಅಂತ ಫೋನ್ ಬಂದ್ರ ಕಟ್ ಮಾಡ್ರಿ, ಅದಕ್ಕ ಹತ್ತು ವರ್ಷದ ತನಕ ಜೈಲು ಅದ, ಕೊಂಡವ್ರಿಗೂ ಅದ. ಅಣ್ಣಂದು ರಕ್ತದ ಗುಂಪು ಓ, ಓ ಇದ್ದವ್ರಿಗೆ ಸಾಮಾನ್ಯವಾಗಿ ಓ ಇದ್ದವ್ರೇ ಕೊಡಬೇಕು. ನಂದು ಎ, ವೈನೀದು ಬಿ. ಅಪ್ಪ ತೀರ್ಕೊಂಡಾನ. ಉಳದಾಕಿ ಅವ್ವ. ಗುಂಪು ಕೂಡಲಿಲ್ಲ ಅಂದ್ರ ಹಂಗೇ ಕೂಡದ ಇನ್ನೊಂದು ಮನಿಯವ್ರ ಜೋಡಿ ಅದಲು ಬದಲು ಮಾಡೋಕೂ ಕಾನೂನಿನಾಗ ಅವಕಾಶ ಅದ, ದವಾಖಾನಿಯೊಳಗ ಕೇಳ್ರಿ. ದಾನಿ ಯಾರೂ ಇಲ್ಲದವ್ರು ಆಸ್ಪತ್ರಿ ಮುಖಾಂತರ, ತೀರಿಹೋದವ್ರು ದಾನ ಮಾಡಿದ ಅಂಗಾಂಗ ಹಂಚೋ ರಾಜ್ಯದ ಸಂಸ್ಥೆ ‘ಜೀವಸಾರ್ಥಕತೆ’ಯ ಪಾಳಿಯೊಳಗ ಹೆಸರು ಬರಸಬೇಕು. ಪಾಳಿ ಉದ್ದ ಅದ, ಅದಕ್ಕೇ ಜಲ್ದಿ ಬರಸ್ರಿ.

ಅಣ್ಣ ಮೊದಲ ಒಪ್ಪಲೇ ಇಲ್ಲ. ‘ಅವ್ವಗ ಅರವತ್ತು ಹತ್ರ ಬಂತು, ಅಕಿ ಹೊಟ್ಟಿ ಕೊಯ್ಸಿ ನಾ ಬದುಕಲ್ಲ’ ಅಂದು ಎರಡು ದಿನ ಯಾರ ಜೋಡಿನೂ ಮಾತಾಡಲಿಲ್ಲ. ಅವ್ವ ವಾದ ಮಾಡಲಿಲ್ಲ, ತನ್ನ ಸೀರಿ ಎರಡು, ಶಾಲು, ವಿಭೂತಿ ಗಟ್ಟಿ ಚೀಲದಾಗ ತುಂಬಿ ಬಾಗಲ ಹತ್ರ ಇಟ್ಟಳು. ಟಿಕೆಟ್ ಯಾವಾಗಿಂದು ಅಂತ ನನ್ನೊಬ್ಬನ್ನೇ ಕೇಳಿದಳು.

ಟಿಕೆಟ್ ಅಂದಾಗ ಇದನ್ನ ಬರಕೊಳ್ರಿ: ಡಯಾಲಿಸಿಸ್ ಅಥವಾ ಕಿಡ್ನಿ ಕಸಿ ಸಲುವಾಗಿ ಹೋಗೋ ಪೇಷಂಟಿಗೂ ಜೋಡಿ ಹೋಗೋ ಒಬ್ಬರಿಗೂ ರೈಲಿನಾಗ ಸ್ಲೀಪರ್, ಥರ್ಡ್ ಎಸಿಗೆ ನೂರಕ್ಕ 75 ರಿಯಾಯ್ತಿ ಅದ. ದವಾಖಾನಿಯಿಂದ ರೈಲ್ವೆ ನಮೂನೆಯೊಳಗ ಸಹಿ ಶಿಕ್ಕಾ ಮಾಡಿಸ್ಕೊಂಡು ಕೌಂಟರಿಗೆ ಹೋಗ್ರಿ.

ಬೆಂಗಳೂರಿನಾಗ ವಿಕ್ಟೋರಿಯಾ ಆವರಣದಾಗ ಇರೋ ಸರ್ಕಾರಿ ನೆಫ್ರೋ ಯೂರಾಲಜಿ ಸಂಸ್ಥೆಯೊಳಗೂ ಕಸಿ ಮಾಡ್ತಾರ, ಬಿಪಿಎಲ್ ಇದ್ದವ್ರಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮುಖಾಂತರ ಅಂಗಾಂಗ ಕಸಿ ಯೋಜನಾನೂ ಅದ, ಮೊದಲ ಅಲ್ಲಿ ವಿಚಾರಿಸ್ರಿ. ನಮ್ಮ ತಪಾಸಣಿ ಒಂದು ಪ್ರೈವೇಟ್ ದವಾಖಾನಿಯೊಳಗ ಶುರುವಾಗಿತ್ತು, ಅಲ್ಲೇ ಮುಂದುವರಸಿದ್ವಿ, ಏಳು ಲಕ್ಷದ ಮ್ಯಾಲ ಹೋತು. ಒಂದು ಎಕರೆ ಮಾರಿದ್ವಿ, ಉಳಿದದ್ದು ಮಿಲ್ಲಿನ ಸಾಹುಕಾರ್ರು ಮತ್ತ ಬೀಗರು ಕೊಟ್ರು, ಮುಖ್ಯಮಂತ್ರಿ ಪರಿಹಾರ ನಿಧಿಯಿಂದ ಸ್ವಲ್ಪ ಬಂತು.

ಅವ್ವನ ತಪಾಸಣಿ ಅಂದ್ರ ಸುಮ್ಮನ ಅಲ್ಲ. ಇಬ್ಬರದು ಹೊಂದ್ತದೇನು ಅಂತ ನೋಡೋ ಕ್ರಾಸ್‌ಮ್ಯಾಚ್, ಎಚ್‌ಎಲ್‌ಎ ರಕ್ತ ತಪಾಸಣಿ, ಎದಿ, ಪುಪ್ಪಸ, ಶುಗರ್, ಎರಡು ಕಿಡ್ನಿ ಒಂದೊಂದು ಎಷ್ಟೆಷ್ಟು ಕೆಲಸ ಮಾಡ್ತದ ಅಂತ ನೋಡೋ ಸ್ಕ್ಯಾನ್, ಆಮ್ಯಾಲ ರಕ್ತನಾಳ ನೋಡೋ ಸಿಟಿ ಸ್ಕ್ಯಾನ್. ಮಾನಸಿಕ ತಜ್ಞರ ಹತ್ರನೂ ಕಳಸ್ತಾರ, ಯಾರಾದ್ರೂ ಒತ್ತಾಯ ಮಾಡ್ಯಾರೇನು ಅಂತ ಒಬ್ಬಾಕಿನ್ನೇ ಕೂಡಿಸಿ ಕೇಳ್ತಾರ. ಎಲ್ಲಾ ಪಾಸಾಗಿ ತಾರೀಖು ಸಿಕ್ಕ ಮ್ಯಾಲ ಅವ್ವಗ ಮೂತ್ರದ ಸೋಂಕು ಬಂತು, ಮುಂದ ಹಾಕಿದ್ರು. ಅಷ್ಟರ ತನಕ ಅಣ್ಣಗ ಬೆಂಗಳೂರಿನಾಗೇ ಡಯಾಲಿಸಿಸ್ ಮಾಡಿಸಬೇಕು, ಮತ್ತ ಆ ಮೂರು ರಿಪೋರ್ಟ್ ಹೊಸದು, ಮತ್ತ ಪಾಳಿ, ಮತ್ತ ಬಾಡಗಿ.

ಇದಕ್ಕಿಂತ ತಲಿ ತಿಂದಿದ್ದು ಕಾಗದ. ಅವ್ವನ ಹೆಸರಿನ ಕೊನೀಗೆ ಆಧಾರದಾಗ ‘ಬಾಯಿ’, ರೇಷನ್ ಕಾರ್ಡಿನಾಗ ‘ಅಮ್ಮ’, ಅಣ್ಣನ ಹತ್ತನೇತ್ತ ಮಾರ್ಕ್ಸ್ ಕಾರ್ಡಿನಾಗ ಅಡ್ಡಹೆಸರು ಸೈತ ಬ್ಯಾರೆ. ನಮ್ಮ ಕಡಿ ಯಾರ ಮನ್ಯಾಗ ಇದು ಸರಿ ಇರ್ತದ ಹೇಳ್ರಿ? ತಾಯಿ ಮಗ ಅಂತ ಮಾರಿ ನೋಡಿದ್ರೇ ಗೊತ್ತಾಗ್ತದ, ಕಾಗದಕ್ಕ ಮಾರಿ ಕಾಣಂಗಿಲ್ಲ. ಕೋರ್ಟ್ ಹತ್ರ ಅಫಿಡವಿಟ್, ನೋಟರಿ, ನಾಡಕಚೇರಿಯಿಂದ ವಂಶಾವಳಿ, ಅಪ್ಪನ ಮರಣ ಪ್ರಮಾಣಪತ್ರ, ಎಲ್ಲಾ ಕೂಡಿ ಇರೋ ಹಳೇ ಫೋಟೋ. ಫೋಟೋ ಅಂತೂ ಅಣ್ಣನ ಮದಿವಿ ಆಲ್ಬಮ್ಮಿಂದ ಕಿತ್ತು ಒಯ್ದೆ. ಈ ಕಾಗದದ ಕೆಲಸ ಡಯಾಲಿಸಿಸ್ ಶುರುವಾದ ವಾರದಾಗೇ ಕಲಬುರಗಿಯೊಳಗೇ ಮುಗಿಸ್ಕೊಳ್ರಿ. ಬೆಂಗಳೂರಿಗೆ ಹೋದ ಮ್ಯಾಲ ಒಂದು ಶಿಕ್ಕಾಕ್ಕ ರಾತ್ರಿ ಪೂರಾ ರೈಲಿನಾಗ ಬಂದು ಹೋಗಬೇಕಾಗ್ತದ. ಎಲ್ಲದರದೂ ಐದೈದು ಝೆರಾಕ್ಸ್ ಇಟ್ಕೊಳ್ರಿ.

ದವಾಖಾನಿ ಕಮಿಟಿ ಮುಂದ ವಿಡಿಯೋ ಹಚ್ಚಿ ಕೇಳ್ತಾರ. ಅವ್ವಗ ಬೆಂಗಳೂರು ಕನ್ನಡ ಅರ್ಧ ತಿಳಿಯಂಗಿಲ್ಲ, ಅವ್ರಿಗೆ ಅವ್ವಂದು ಅರ್ಧ ತಿಳಿಯಂಗಿಲ್ಲ. ‘ಯಾಕೆ ಕೊಡ್ತಿದ್ದೀರಾ ಅಮ್ಮ, ನಿಮಗೆ ಮುಂದೆ ತೊಂದರೆ ಆಗಬಹುದು’ ಅಂದ್ರು. ಅವ್ವ ಅಂದಳು, ‘ಸಾಹೇಬ್ರ, ಹೊಲ ಮಾರೀವ್ರಿ, ಅದು ತಿರುಗಿ ಬರಂಗಿಲ್ಲ. ಇದು ಒಂದು ಕೊಟ್ರ ನನ್ನ ಕಡಿ ಇನ್ನೊಂದು ಉಳೀತದಲ್ರಿ, ಇದ್ರಾಗ ನಂದೇನ್ ಲುಕ್ಸಾನ್ ಅದ?’ ಬರಕೋತಿದ್ದ ಮೇಡಂ ಪೆನ್ ನಿಲ್ಲಿಸಿ ಅಕಿ ಮಾರಿ ನೋಡಿದ್ರು.

ಆಪರೇಷನ್ ದಿನ ನಸುಕಿನಾಗ ಅವ್ವನ್ನ ಮೊದಲ ಒಯ್ದರು. ಕೊರಳಾಗಿನ ಲಿಂಗ ತಗೀರಿ ಅಂದಾಗ ಅಷ್ಟೇ ಒಂದು ಗಳಿಗಿ ಅಳುಕಿದಳು, ಹುಟ್ಟಿದಾಗಿಂದ ತಗದದ್ದಲ್ಲ ಅದು. ನನ್ನ ಅಂಗೈಯಾಗ ಇಟ್ಟು ‘ಕೆಳಗ ಇಡಬ್ಯಾಡ’ ಅಂದಳು. ಅಷ್ಟು ತಾಸು ನಾ ಕೈ ತೊಳೀಲಾಕೂ ಹೋಗಲಿಲ್ಲ, ವೈನಿ ಚಹಾ ತಂದು ಕುಡಿಸಿದಳು. ಮಧ್ಯಾಹ್ನ ಸರ್ಜನ್ ಹೊರಗ ಬಂದು ಟೇಬಲ್ ಮ್ಯಾಲೇ ಮೂತ್ರ ಬಂತು ಅಂದ್ರು. ಮೂತ್ರ ಬಂತು ಅನ್ನೋ ಸುದ್ದಿಗೆ ಮಂದಿ ಕುಣೀತಾರ ಅಂತ ಯಾರಾದ್ರೂ ಮೊದಲ ಹೇಳಿದ್ರ ನಂಬ್ತಿರಲಿಲ್ಲ. ಹೊಸ ಕಿಡ್ನಿ ಹೊಟ್ಟಿ ಕೆಳಗ ಬಲಗಡಿ ಕೂಡಸ್ತಾರ, ಹಳೇವು ಹಂಗೇ ಇರ್ತಾವ. ವಾರದೊಳಗ ಕ್ರಿಯಾಟಿನಿನ್ 1.3ಕ್ಕ ಬಂತು. ಮೊದಲ ದಿನ ‘ನೀರು ಕುಡೀರಿ, ಜಾಸ್ತಿ ಕುಡೀರಿ’ ಅಂತ ಸಿಸ್ಟರ್ ಬೈದಾಗ ಅಣ್ಣ ಗ್ಲಾಸ್ ಹಿಡ್ಕೊಂಡು ಎಷ್ಟು ಎಂಎಲ್ ಅಂತ ಕೇಳ್ತಿದ್ದ.

ಚಾಚಾಗ ಹೇಳಬೇಕು ಅಂತ ಫೋನ್ ಮಾಡಿದ್ವಿ, ಅವ್ರ ಮಗ ಎತ್ತಿದ. ಚಾಚಾ ಹೋಗಿ ಆಗಲೇ ಕೆಲವು ದಿನ ಆಗಿತ್ತು.

ಆಪರೇಷನ್ ಆದ್ರ ಮುಗೀತು ಅಂತ ತಿಳಕೋಬ್ಯಾಡ್ರಿ. ಕಿಡ್ನಿ ತಿರಸ್ಕಾರ ಆಗಬಾರದು ಅಂತ ಕೊಡೋ ಗುಳಿಗಿ ಬದುಕಿರೋ ತನಕ, ಮುಂಜಾನೆ ಸಂಜಿ ಒಂದೇ ಟೈಮಿಗೆ, ಮೊಬೈಲಿನಾಗ ಅಲಾರಾಂ ಇಡ್ರಿ. ಅದರಾಗ ಟ್ಯಾಕ್ರೋಲಿಮಸ್ ಅನ್ನೋ ಗುಳಿಗಿ ರಕ್ತದಾಗ ಎಷ್ಟದ ಅಂತ ಲೆವೆಲ್ ಚೆಕ್ ಮಾಡಿಸೋ ದಿನ ರಕ್ತ ಕೊಟ್ಟ ಮ್ಯಾಲೇ ಗುಳಿಗಿ ನುಂಗಬೇಕು, ನುಂಗಿ ಹೋದ್ರ ರಿಪೋರ್ಟ್ ಕೆಲಸಕ್ಕ ಬರಂಗಿಲ್ಲ. ಮೊದಲ ಮೂರು ತಿಂಗಳ ದವಾಖಾನಿ ಹತ್ರಾನೇ ಮನಿ ಮಾಡಬೇಕು, ನಮಗ ಒಂದೇ ಖೋಲಿಗೆ ತಿಂಗಳಿಗೆ ಹದಿನೈದು ಸಾವಿರದ ಆಜುಬಾಜು ಬಿತ್ತು, ಗುಳಿಗಿಗೂ ಹತ್ರ ಹತ್ರ ಅಷ್ಟೇ. ಆಪರೇಷನ್‌ನಾಗ ಮೂತ್ರದ ನಾಳದೊಳಗ ಇಟ್ಟ ಸ್ಟೆಂಟ್ ಅನ್ನೋ ಸಣ್ಣ ಕೊಳವಿ ಕೆಲವು ವಾರಕ್ಕ ತಗೀಬೇಕು, ತಾರೀಖು ಕೇಳಿ ಬರಕೊಳ್ರಿ. ಮಾಸ್ಕ್ ಹಾಕಬೇಕು, ಜಾತ್ರಿ, ಮದಿವಿ ಗದ್ದಲ ಸದ್ಯಕ್ಕ ಬ್ಯಾಡ, ಬ್ಯಾರೆ ಡಾಕ್ಟರ್ ಕೊಟ್ಟ ಯಾವ ಗುಳಿಗಿನೂ ಕಸಿ ಡಾಕ್ಟರಿಗೆ ಕೇಳದ ನುಂಗಬ್ಯಾಡ್ರಿ, ನೋವಿನ ಗುಳಿಗಿ ಅಂತೂ ಮುಟ್ಟಲೇಬ್ಯಾಡ್ರಿ.

ಎಲ್ಲರೂ ಮರೆಯೋದು ಕೊಟ್ಟವ್ರನ್ನ. ದಾನಿಗೂ ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರ ನೋಡಿಸಬೇಕು, ಒಂದರ ಮ್ಯಾಲ ಇರೋರು ಅವ್ರು. ಅವ್ವ ಐದನೇ ದಿನಕ್ಕ ಡಿಸ್ಚಾರ್ಜ್ ಆಗಿ ಬಂದಾಕಿ, ಊರಿಗೆ ಬಂದ ಮರುದಿನಾನೇ ಕೊಡ ಎತ್ಲಾಕ ಹೋಗಿ ವೈನಿ ಕೈಲಿ ಬೈಸ್ಕೊಂಡಾಳ. ಚೆಕಪ್ ಅಂದ್ರ ‘ನನಗೇನಾಗ್ಯಾದ’ ಅಂತಾಳ. ಅಣ್ಣ ಈಗ ಲೆಡ್ಜರಿನಾಗ ಅಕಿ ಹೆಸರಿಗೂ ಒಂದು ಪುಟ ತಗದಾನ, ಬಿಪಿ ಮಷಿನ್ ಹಿಡ್ಕೊಂಡು ಮುಂಜಾನೆ ಅಕಿ ಹಿಂದಿಂದ ತಿರುಗ್ತಾನ. ಮುಂದಿನ ತಿಂಗಳ ಇಬ್ಬರಿಗೂ ಒಂದೇ ದಿನ ಅಪಾಯಿಂಟ್‌ಮೆಂಟ್ ತಗೊಂಡೀವಿ, ಅವ್ವಗ ಮಾತ್ರ ಮಗನ ಜೋಡಿ ಸುಮ್ನ ಹೋಗಿ ಬಾ ಅಂತ ಹೇಳೀವಿ.